ಕಾಫಿ ಕುಡಿದ ಮೇಲೆ ಹೇಳುವ ಮಾತು

ಜೂನ್ 10, ಸೋಮವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದವರು ಬರೆಯುತ್ತಾರೆ ಅಂದುಕೊಂಡಿದ್ದೆ. ಇವತ್ತು ನಾನೇ ಬರೆಯಲು ಕೂತಿದ್ದೇನೆ, ಯಾಕೆಂದರೆ ಈ ವಿಷಯ ಮನೆಯಲ್ಲಿ ಎತ್ತಿದರೆ ಹೆಂಡತಿ ಪಂಕಜಾ ನಾನು ಹೇಳಿ ಮುಗಿಸುವ ಮೊದಲೇ ಬೇಡ ಅನ್ನುತ್ತಾಳೆ. ಮೇಜರ್ ಜನರಲ್ ಆಗಿ ನಿವೃತ್ತನಾದವನ ಮಾತನ್ನು ಅರ್ಧಕ್ಕೆ ಕತ್ತರಿಸುವ ಅಧಿಕಾರ ಈಗ ಅವಳೊಬ್ಬಳಿಗೇ ಇರುವುದು.

ಬೆಳಿಗ್ಗೆ ವಿಷ್ಣು ತನ್ನ ರೂಮಿಗೆ ಕರೆದ. ವಿಷ್ಣು ನಮ್ಮ ಕಂಪನಿಯ ಎಂ.ಡಿ., ನನ್ನ ಹೈಸ್ಕೂಲು ಗೆಳೆಯ ರಾಮಪ್ರಸಾದನ ಮಗ. ಮೂರು ವರ್ಷದ ಹಿಂದೆ ನಾನು ಜಯನಗರದ ಮನೆಯಲ್ಲಿ ಹೂವಿನ ಕುಂಡಗಳಿಗೆ ಆರ್ಡರ್ ಕೊಡುತ್ತ ಕೂತಿದ್ದಾಗ ರಾಮಪ್ರಸಾದ ಬಂದು, "ಅನಂತು, ನಮ್ ಗೋಡೌನ್‌ನಲ್ಲಿ ಶಿಸ್ತು ಅನ್ನೋದೇ ಇಲ್ಲ ಕಣೋ, ಬಾರೋ" ಎಂದು ಎಳೆದುಕೊಂಡು ಹೋಗಿದ್ದ. ಅಂಗಡಿಗಳ ಸಾಮಾನು ದಾಸ್ತಾನು ಮಾಡಿ, ಬೇಕಾದಾಗ ತಲುಪಿಸುವ ಕಂಪನಿ. ಹಾಗೆ ನಾನು ಚೀಫ್ ಆಪರೇಟಿಂಗ್ ಆಫೀಸರ್ ಆದೆ. ಜರಗನಹಳ್ಳಿಯ ಗೋಡೌನಿಗೆ ಹದಿನಾಲ್ಕು ಜನ ಮಾಜಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತಂದೆ. ಅಲ್ಲಿಂದ ಮುಂದೆ ಒಂದು ಪೆಟ್ಟಿಗೆಯೂ ಕಾಣೆಯಾಗಿಲ್ಲ.

ಈಗ ಆ ಗೋಡೌನ್ ಮುಚ್ಚಬೇಕಂತೆ. ಜಾಗದ ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರಂತೆ. ಸಾಮಾನೆಲ್ಲ ಹೊಸೂರು ರಸ್ತೆಯ ಆಚೆ, ಮೆಷಿನ್‌ಗಳೇ ಓಡಾಡಿ ಎತ್ತಿಡುವ ಇನ್ನೊಬ್ಬರ ಗೋಡೌನಿಗೆ ಹೋಗುತ್ತದೆ. ಅಲ್ಲಿ ನಮ್ಮವರು ಬೇಕಾಗಿಲ್ಲ.

"ನೀವೇ ಹೇಳ್ಬಿಡಿ ಸಾರ್," ಅಂದ ವಿಷ್ಣು. "ನೀವು ಹೇಳಿದ್ರೆ ಗಲಾಟೆ ಆಗಲ್ಲ."

ಸಿಬ್ಬಂದಿ ವಿಭಾಗದ ಸಂಹಿತಾ ಆಗಲೇ ಈಮೇಲ್ ಸಿದ್ಧಮಾಡಿಟ್ಟಿದ್ದಳು. ಕೊನೆಯಲ್ಲಿ 'ನಿಮ್ಮ ಮುಂದಿನ ಪಯಣ ಸುಖಕರವಾಗಿರಲಿ' ಎಂದು ಬೇರೆ ಇತ್ತು. ನಾನು ಹರಿದು ಹಾಕುತ್ತಿದ್ದೆ, ಆದರೆ ಅದು ಕಂಪ್ಯೂಟರಿನಲ್ಲಿತ್ತು. ನನ್ನ ಹುಡುಗರಿಗೆ ಈಮೇಲ್ ಹೋಗುವುದಿಲ್ಲ ಎಂದೆ. ಒಬ್ಬೊಬ್ಬರ ಮನೆಗೂ ನಾನೇ ಹೋಗುತ್ತೇನೆ. ನಾನು ಕರೆತಂದವರು. ಕಳಿಸುವಾಗ ಅವರ ಮುಂದೆ ತಲೆ ಎತ್ತಿ ನಿಲ್ಲುವ ಹಾಗಿರಬೇಕು. ನನಗೆ ಈಗ ಉಳಿದಿರುವುದು ಅದೊಂದೇ.

ಜೂನ್ 12, ಬುಧವಾರ

ಹೇಳಿದೆ. ಅಂದುಕೊಂಡ ಹಾಗೇ ಆಯಿತು.

"ಮನೆಗೆ ಹೋಗ್ಬೇಡಿ," ಅಂದಳು ಪಂಕಜಾ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಆಫೀಸಿಗೆ ಕರೆದು ಹೇಳಿ. ಇಲ್ಲಾ ಫೋನ್ ಮಾಡಿ."

ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕು ಎಂದು ನನಗೆ ಗೊತ್ತು ಎಂದೆ. ಎರಡು ವರ್ಷ ತರಬೇತಿ ಶಾಲೆಯಲ್ಲಿ ಚಿಕ್ಕ ಅಧಿಕಾರಿಗಳಿಗೆ ಅದನ್ನು ಹೇಳಿಕೊಟ್ಟಿದ್ದೇನೆ. ಸೈನಿಕನೊಬ್ಬ ಸತ್ತರೆ ಅವನ ಮನೆಗೆ ಹೋಗುವ ಕ್ರಮ ಹೀಗೆ: ಬ್ಲೇಜರ್, ಟೈ ಹಾಕಿಕೊಂಡು ಹೋಗು. ಬಾಗಿಲಲ್ಲೇ ಹೇಳಬೇಡ. ಒಳಗೆ ಕೂತುಕೋ. ಮನೆಯವರು ಕಾಫಿಯೋ ನೀರೋ ಕೊಟ್ಟರೆ ಬೇಡ ಅನ್ನಬೇಡ, ಪೂರ್ತಿ ಕುಡಿ. ಅವರೂ ಕೂತ ಮೇಲೆ ಹೇಳು. ನಿಂತವರಿಗೆ ಹೇಳಿದರೆ ಬೀಳುತ್ತಾರೆ. ಅನುಭವದಿಂದ ಮಾಡಿದ ಕ್ರಮ ಅದು. ಕೆಲಸ ಹೋದ ಸುದ್ದಿಗೂ ಅದೇ ಸರಿ.

"ನಿಮಗೆ ಗೊತ್ತಿಲ್ಲ," ಅಂದಳು. ಹುರುಳಿಕಾಯಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನಮ್ಮ ಭಾರ್ಗವ ಹೋಗಿ ಎಂಟು ವರ್ಷ. ಕ್ಯಾಪ್ಟನ್ ಆಗಿದ್ದ. ಗಡಿಯಲ್ಲಿ ಹಿಮ ಕುಸಿಯಿತು. ನಮಗೆ ಇದ್ದ ಮಗ ಅವನೊಬ್ಬನೇ. ಆ ದಿನ ನಾನು ಈಶಾನ್ಯದಲ್ಲಿದ್ದೆ, ಗುಡ್ಡ ಜರಿದು ರಸ್ತೆ ಇರಲಿಲ್ಲ. ನಾನು ಬೆಂಗಳೂರು ಮುಟ್ಟುವ ಹೊತ್ತಿಗೆ ಮನೆ ತುಂಬ ಜನ ಇದ್ದರು. ಪಂಕಜಾಗೆ ಯಾರು ಬಂದು ಹೇಳಿದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಓಓ ಆದವನು ಮಡಿವಾಳದ ಗಲ್ಲಿಗಳಲ್ಲಿ ಕೆಲಸಗಾರರ ಮನೆ ಹುಡುಕಿಕೊಂಡು ಅಲೆಯುವುದು ಅವಳಿಗೆ ಸರಿಕಾಣುತ್ತಿಲ್ಲ, ಅಷ್ಟೇ.

ಜೂನ್ 15, ಶನಿವಾರ

ಮಡಿವಾಳ. ಭೀಮಪ್ಪನ ಮನೆ. ಮಾರ್ಕೆಟ್ಟಿನ ಹಿಂದೆ, ಮೆಟ್ಟಿಲು ಏಣಿಯ ಹಾಗೆ ನೆಟ್ಟಗಿದೆ. ಮನೆಯವರೆಲ್ಲ ಊರಿಗೆ ಹೋಗಿದ್ದರು. ಅವನೇ ಕಾಫಿ ಮಾಡಿದ, ಡಬ್ಬಿಯಿಂದ ಚಕ್ಕುಲಿ ತೆಗೆದುಕೊಟ್ಟ. ಎಲ್ಲ ಮುಗಿಸಿ, ಅವನನ್ನೂ ಕೂರಿಸಿ ಹೇಳಿದೆ.

"ಆಯ್ತು ಸಾಬ್," ಎಂದು ಎದ್ದು ನಿಂತು ಸೆಲ್ಯೂಟ್ ಹೊಡೆದ. ಬನಿಯನ್ನಿನಲ್ಲಿ.

ಗಲಾಟೆ ಇಲ್ಲ, ಕಣ್ಣೀರಿಲ್ಲ. ಕ್ರಮ ಕೆಲಸ ಮಾಡಿತು. ಹೊರಡುವಾಗ ಮಾತ್ರ, "ಮುಂದಕ್ಕೆ ಏನ್ ಮಾಡ್ಬೇಕು ಸಾಬ್?" ಅಂದ. ಕಷ್ಟ ಹೇಳಿಕೊಳ್ಳುತ್ತಿರಲಿಲ್ಲ, ಆರ್ಡರ್ ಕೇಳುತ್ತಿದ್ದ. ಇಷ್ಟು ವರ್ಷ ನಾನು ಏನು ಹೇಳಿದರೂ ಅದರ ಹಿಂದೆ ಮುಂದಿನ ಆರ್ಡರ್ ಇರುತ್ತಿತ್ತಲ್ಲ. ಈ ಸಲ ನನ್ನ ಹತ್ತಿರ ಇರಲಿಲ್ಲ. "ನೋಡೋಣ" ಎಂದು ಮೆಟ್ಟಿಲಿಳಿದೆ.

ಸಂಹಿತಾಗೆ ಫೋನ್ ಮಾಡಿ, ಒಂದು ಪೊಸಿಷನ್ ಕ್ಲೋಸ್ ಆಯಿತು ಎಂದೆ.

ಜೂನ್ 18, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆದುಬಿಡುತ್ತೇನೆ.

ಸಿದ್ದರಾಜು ನನ್ನ ಹಳೆಯ ಪಲ್ಟನ್ನಿನವನು. ನಾಲ್ಕು ವರ್ಷ ನನ್ನ ಜೀಪು ಓಡಿಸಿದವನು. ಮನೆ ಜರಗನಹಳ್ಳಿಯಲ್ಲೇ, ಗೋಡೌನಿನ ಹಿಂದಿನ ಬೀದಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಯಲ್ಲಿರುತ್ತಾನೆ ಎಂದುಕೊಂಡು ಹೋದೆ. ಅವನು ಪಾಳಿ ಬದಲಾಯಿಸಿಕೊಂಡು ಲಾರಿಯ ಜೊತೆ ರಾಮನಗರಕ್ಕೆ ಹೋಗಿದ್ದ. ನನಗೆ ಗೊತ್ತಿರಲಿಲ್ಲ.

ಕಾರು ಓಣಿಯೊಳಗೆ ಹಿಡಿಸಲಿಲ್ಲ. ನಡೆದು ಹೋದೆ, ಕಂಪನಿಯ ಡ್ರೈವರ್ ಹಿಂದೆ ಬಂದ. ಕಟ್ಟಡದ ಮಾಲೀಕರು ಚಿಕ್ಕಬೈರಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಟೈ ನೋಡಿ ಎದ್ದರು.

"ಮನೆ ನೋಡಕ್ ಬಂದ್ರಾ ಸಾರ್? ಮೂರನೇ ಫ್ಲೋರಲ್ಲಿ ಒಂದು ಖಾಲಿ ಐತೆ. ಕಾವೇರಿ ನೀರು, ಬೋರು, ಎರಡೂ ಐತೆ."

ಸಿದ್ದರಾಜು ಮನೆ ಯಾವುದು ಎಂದೆ. ಮೇಲಕ್ಕೆ ತೋರಿಸಿದರು.

ಸಿದ್ದರಾಜುವಿನ ಹೆಂಡತಿ ಲಕ್ಷ್ಮಮ್ಮ ಮೊದಲ ಮಹಡಿಯ ಕಾರಿಡಾರಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪಲ್ಟನ್ನಿನ ಕ್ವಾರ್ಟರ್ಸ್‌ನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವಳು. ದೊಡ್ಡ ಅಧಿಕಾರಿ ಬ್ಲೇಜರ್ ತೊಟ್ಟು, ಹಿಂದೊಬ್ಬನನ್ನು ಕರೆದುಕೊಂಡು, ಹೇಳದೆ ಕೇಳದೆ ಜವಾನನ ಮನೆಗೆ ಯಾಕೆ ಬರುತ್ತಾನೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಒದ್ದೆ ಪ್ಯಾಂಟು ಕೆಳಗೆ ಬಿತ್ತು.

"ಏನಾಯ್ತು ಸಾರ್?"

ಸಿದ್ದರಾಜು ಚೆನ್ನಾಗಿದ್ದಾನೆ ಎಂಬ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ನನ್ನ ಬಾಯಿಂದ ಬಂದದ್ದು ಅಭ್ಯಾಸವಾದ ಮಾತು.

"ಮೊದ್ಲು ಒಳಗೆ ಬಾಮ್ಮ. ಕೂತ್ಕೋ. ಸ್ವಲ್ಪ ನೀರು ಕುಡಿ."

ಅವಳು ಗೋಡೆಗೆ ಒರಗಿ ಅಲ್ಲೇ ಕುಸಿದಳು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಎಲ್ಲ ಬಾಗಿಲುಗಳೂ ತೆರೆದವು, ಹೆಂಗಸರು ಓಡಿ ಬಂದು ಅವಳನ್ನು ಹಿಡಿದುಕೊಂಡರು. ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು. "ಹಾಗಲ್ಲಮ್ಮ, ಅವನಿಗೇನೂ ಆಗಿಲ್ಲ, ಕೆಲಸದ ವಿಷಯ" ಎಂದು ನಾನು ಹೇಳುತ್ತಲೇ ಇದ್ದೆ. ಪರೇಡ್ ಮೈದಾನದ ಆ ತುದಿಗೂ ಕೇಳಿಸುತ್ತಿದ್ದ ಗಂಟಲು ನನ್ನದು. ಅಲ್ಲಿ ಒಬ್ಬ ಹೆಂಗಸಿಗೂ ಕೇಳಿಸಲಿಲ್ಲ.

ಕೊನೆಗೆ ಚಿಕ್ಕಬೈರಪ್ಪನವರೇ ಮೇಲೆ ಬಂದು, ಸಿದ್ದರಾಜುವಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವಳ ಮುಖದ ಮುಂದೆ ಹಿಡಿದರು.

"ಏನ್ ಬೈರಪ್ಪಣ್ಣ, ಮತ್ತೆ ಮೋಟ್ರು ಕೆಟ್ಟೋಯ್ತಾ?" ಅಂದ ಸಿದ್ದರಾಜು.

ಲಕ್ಷ್ಮಮ್ಮ ಫೋನನ್ನು ಕಿತ್ತುಕೊಂಡು ಕೆನ್ನೆಗೆ ಒತ್ತಿ ಹಿಡಿದುಕೊಂಡಳು. ಆ ಕಡೆಯಿಂದ ಅವನು "ಹಲೋ, ಹಲೋ" ಅನ್ನುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ ನನ್ನನ್ನು ನೋಡಿದಳು. "ಮತ್ತೆ ಏನಕ್ಕೆ ಸಾರ್ ಬಂದ್ರಿ?"

ಹೇಳಿದೆ. ಗೋಡೌನ್ ಮುಚ್ಚುತ್ತಿದೆ. ಕೆಲಸ ಹೋಗುತ್ತದೆ.

"ಕೆಲ್ಸಾನಾ?" ಅಂದಳು. ನಕ್ಕಳು. ಅಳು ನಿಂತಿರಲಿಲ್ಲ, ಅದರ ನಡುವೆಯೇ ನಕ್ಕಳು. "ಕೆಲ್ಸ ತಾನೇ ಸಾರ್! ಹೋಗ್ಲಿ ಬಿಡಿ! ಅಷ್ಟೇನಾ!" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಅವಳ ಗಂಡನ ಅನ್ನ ಕಿತ್ತುಕೊಳ್ಳಲು ಬಂದವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಒಳಗೆ ಹೋಗಿ ಕಾಫಿ ಮಾಡಿ ತಂದಳು. ಅರ್ಧ ಕಾಫಿ ತಟ್ಟೆಯಲ್ಲಿತ್ತು. ನಾನು ಕುಡಿದೆ. ಬೇಡ ಅನ್ನಬಾರದಲ್ಲ.

ಮನೆಗೆ ಬಂದು ಪಂಕಜಾಗೆ ಹೇಳಿದೆ. ನಾನು ಹೇಳಿದ್ದೇ ಸರಿಯಾಯಿತಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಎಷ್ಟೊತ್ತು?" ಅಂದಳು. "ಅವಳಿಗೆ ನಿಜ ಗೊತ್ತಾಗೋಕೆ ಎಷ್ಟೊತ್ತು ಹಿಡೀತು?"

ಐದು ನಿಮಿಷ ಇರಬಹುದು ಎಂದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜೂನ್ 19, ಬುಧವಾರ

ಸಿದ್ದರಾಜು ಆಫೀಸಿಗೆ ಬಂದ. ಕೂರು ಎಂದೆ, ಕೂರಲಿಲ್ಲ.

"ಕೆಲ್ಸ ಹೋಗಿದ್ದಕ್ಕೆ ಬೇಜಾರಿಲ್ಲ ಸಾಬ್. ಅದು ನಿಮ್ ಕೈಲಿ ಇರ್ಲಿಲ್ಲ ಅಂತ ಗೊತ್ತು," ಅಂದ. "ಆದ್ರೆ ಅವ್ಳು ನಿನ್ನೆಯಿಂದ ನನ್ ಬಿಟ್ಟು ಅಲ್ಲಾಡ್ತಿಲ್ಲ. ಬಚ್ಚಲುಮನೆಗೆ ಹೋದ್ರೂ ಬಾಗ್ಲು ಹತ್ರ ನಿಂತಿರ್ತಾಳೆ. ಬೇರೆಯವ್ರ ಮನೆಗೆ ಹಿಂಗೆ ಹೋಗ್ಬೇಡಿ ಸಾಬ್."

ನನಗೆ ಆಜ್ಞೆ ಮಾಡಿದ ಮೊದಲ ಜವಾನ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಯೋಚನೆ ಮಾಡಿದೆ. ಕ್ರಮದಲ್ಲಿ ತಪ್ಪಿಲ್ಲ. ಅದನ್ನು ಬಳಸಿದ ಜಾಗ ತಪ್ಪು. ಅದು ಸಾವಿಗಾಗಿ ಮಾಡಿದ ಕ್ರಮ, ಕೆಲಸಕ್ಕಾಗಿ ಅಲ್ಲ. ಸಾವಿನ ಸುದ್ದಿಗಾದರೆ ಈಗಲೂ ಅದೇ ಸರಿ.

ಜೂನ್ 20, ಗುರುವಾರ

ಬ್ಲೇಜರನ್ನು ಡ್ರೈಕ್ಲೀನಿಂಗಿಗೆ ಕೊಟ್ಟೆ. ಕೊಳೆಯೇನೂ ಆಗಿರಲಿಲ್ಲ.

ಜೂನ್ 24, ಸೋಮವಾರ

ಈಗ ಮುಂಚೆಯೇ ಫೋನ್ ಮಾಡುತ್ತೇನೆ. ಮೊದಲ ಮಾತೇ, "ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ." ಜಯದೇವಪ್ಪ ಇದನ್ನು ಕೇಳಿ ಗೊಳ್ಳೆಂದು ನಕ್ಕ. "ನಾವು ಚೆನ್ನಾಗಿದ್ದೀವಿ ಅಂತ ನೀವು ಹೇಳ್ತೀರಲ್ಲ ಸಾಬ್!" ಅಂದ. ಆಮೇಲೆ ವಿಲ್ಸನ್ ಗಾರ್ಡನ್ನಿನ ಅವನ ಮನೆಗೆ ಆಟೋದಲ್ಲಿ ಹೋದೆ. ಅರ್ಧ ತೋಳಿನ ಷರಟು, ಚಪ್ಪಲಿ. ಬಾಗಿಲಲ್ಲಿ ನಿಂತೇ ವಿಷಯ ಹೇಳಿಬಿಟ್ಟೆ. ಅವನು, "ಬಿಸಿಲಲ್ಲಿ ಯಾಕೆ ನಿಂತ್ಕೊಂಡಿದ್ದೀರ, ಬನ್ನಿ" ಅಂದ. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ. ಅವನ ಮಗಳಿಗೆ ಲೆಕ್ಕ ಬರುವುದಿಲ್ಲವಂತೆ, ಎರಡು ಲೆಕ್ಕ ಹೇಳಿಕೊಟ್ಟೆ. ಎರಡನೆಯದು ನನಗೂ ಬರಲಿಲ್ಲ.

ಭೀಮಪ್ಪನಿಗೆ ಬನಶಂಕರಿಯಲ್ಲಿ ಒಂದು ಕೆಲಸ ಕೇಳಿದ್ದೇನೆ. ಆಗುವ ಹಾಗಿದೆ. ಇದಕ್ಕಾಗಿ ಇಬ್ಬರು ಹಳೆಯ ಸಹಪಾಠಿಗಳ ಮುಂದೆ ಹಲ್ಲು ಗಿಂಜಬೇಕಾಯಿತು. ಮುಂಚೆ ಇಂಥದ್ದು ನನ್ನಿಂದ ಆಗುತ್ತಿರಲಿಲ್ಲ.

ಸಂಜೆ ಆಫೀಸಿಗೆ ಹೋದಾಗ ವಿಷ್ಣು ಮುಖ ಬಿಗಿದುಕೊಂಡಿದ್ದ. ರಿವ್ಯೂ ಮೀಟಿಂಗ್ ಇತ್ತಂತೆ, ನನಗೆ ನೆನಪೇ ಇರಲಿಲ್ಲ.

ಜೂನ್ 29, ಶನಿವಾರ

ಗೋಡೌನಿಗೆ ಬೀಗ ಹಾಕಿದ್ದಾಯಿತು. ಯಾರೂ ಹೇಳದೆ ಹುಡುಗರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತರು. ನಾನು ಏನಾದರೂ ಮಾತಾಡಬೇಕಾಗಿತ್ತು. ಬಾಯಿ ಬಿಟ್ಟರೆ ಅಳು ಬರುತ್ತದೆ ಅನ್ನಿಸಿ ಸುಮ್ಮನೆ ಒಬ್ಬೊಬ್ಬರ ಕೈಯನ್ನೂ ಹಿಡಿದುಕೊಂಡು ಬಂದೆ. ಎಲ್ಲರೂ ಸೆಲ್ಯೂಟ್ ಹೊಡೆದರು. ಸಿದ್ದರಾಜು ಮಾತ್ರ ಕೈಮುಗಿದ, ಬೀದಿಯಲ್ಲಿ ಸಿಕ್ಕ ಪರಿಚಯದವರಿಗೆ ಮುಗಿಯುವ ಹಾಗೆ. ನಾನೂ ಮುಗಿದೆ.

ದುಃಖವಾಗಿದೆ. ಬೇರೆ ಏನೆಂದು ಬರೆಯಲಿ.

ಜುಲೈ 7, ಭಾನುವಾರ

ಮ‌ಧ್ಯಾಹ್ನ ಊಟವಾಗಿ ಪೇಪರ್ ಹಿಡಿದಿದ್ದೆ. ಗೇಟಿನ ಮುಂದೆ ಕಾರು ನಿಂತಿತು. ಕಿಟಕಿಯಿಂದ ನೋಡಿದೆ, ವಿಷ್ಣು. ಬ್ಲೇಜರ್ ಹಾಕಿದ್ದ, ಕೈಯಲ್ಲಿ ಹಣ್ಣಿನ ಬುಟ್ಟಿ. ಅವನು ಚಿಲಕ ತೆಗೆಯುವ ಮೊದಲೇ ಪಂಕಜಾ ಅಂಗಳಕ್ಕೆ ಇಳಿದು ಗೇಟಿಗೆ ಕೈ ಅಡ್ಡ ಇಟ್ಟಳು.

"ನಮಸ್ತೆ ಆಂಟಿ. ಅಂಕಲ್ ಇದ್ದಾರಾ? ಒಳಗೆ ಕೂತ್ಕೊಂಡು ಮಾತಾಡೋಣ ಅಂತ…"

"ಏನ್ ವಿಷಯ? ಮೊದ್ಲು ಹೇಳಪ್ಪ."

"ಕೂತ್ಕೊಂಡು ಹೇಳ್ತೀನಿ ಆಂಟಿ. ಅಂಕಲ್ಲೇ ಹೇಳಿದ್ರಲ್ಲ, ಇಂಥದ್ದನ್ನೆಲ್ಲ ಮನೆಗೇ ಹೋಗಿ, ನಿಧಾನವಾಗಿ…"

"ಇಲ್ಲೇ ಹೇಳು." ಅವಳ ಧ್ವನಿ ಬೀದಿಗೆಲ್ಲ ಕೇಳಿಸಿತು. ಎದುರು ಮನೆಯವರು ಬಾಲ್ಕನಿಗೆ ಬಂದರು. "ಹೇಳೋವರೆಗೂ ಒಳಗೆ ಕಾಲಿಡಬೇಡ."

ವಿಷ್ಣು ಒಮ್ಮೆ ಬುಟ್ಟಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಹೇಳಿದ. ಗೋಡೌನ್ ಇಲ್ಲದ ಮೇಲೆ ಅಂಕಲ್ ಪೋಸ್ಟಿಗೂ ಅರ್ಥ ಇಲ್ಲ ಅಂತ ಬೋರ್ಡಿನಲ್ಲಿ ತೀರ್ಮಾನ ಆಯಿತು. ಈ ತಿಂಗಳ ಕೊನೆಗೆ.

"ಇಷ್ಟೇನಾ?"

"ಇಷ್ಟೇ ಆಂಟಿ."

ಪಂಕಜಾ ಗೇಟು ತೆಗೆದಳು. "ಬಾ ಒಳಗೆ. ಕಾಫಿ ಕುಡ್ಕೊಂಡು ಹೋಗು."

ಕುಡಿದ, ಹೋದ. ನನಗೆ ಅವಮಾನವಾಗಲಿಲ್ಲ. ಕೆಲಸ ಹೋದದ್ದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಅವಳನ್ನು ನಗಿಸೋಣವೆಂದು ಅಡುಗೆಮನೆಗೆ ಹೋಗಿ, "ಎಂ.ಡಿ.ಯನ್ನೇ ಗೇಟಲ್ಲಿ ನಿಲ್ಲಿಸಿಬಿಟ್ಟೆಯಲ್ಲೇ" ಎಂದೆ. ಅವಳು ನಗಲಿಲ್ಲ. ಲೋಟ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಅವತ್ತು ಬಂದ ಹುಡುಗನ್ನ ಒಳಗೆ ಕರೆದಿದ್ದೆ," ಅಂದಳು.

ಯಾವತ್ತು ಎಂದು ನಾನು ಕೇಳಲಿಲ್ಲ.

"ಭಾರ್ಗವನ ವಯಸ್ಸೇ. ಬ್ಲೇಜರ್ ಹಾಕಿದ್ದ, ಕ್ರಾಪು ನೀಟಾಗಿ ಬಾಚಿದ್ದ. ಭಾರ್ಗವನ ಫ್ರೆಂಡ್ ಅಂದ್ಕೊಂಡೆ. ಕೂತ್ಕೊಳಪ್ಪ ಅಂದೆ, ಕೂತ್ಕೊಂಡ. ಕಾಫಿ ಕುಡೀತೀಯಾ ಅಂದೆ, ಹೂಂ ಅಂದ. ಹಾಲಿರ್ಲಿಲ್ಲ ಕಣ್ರೀ. ಚಪ್ಪಲಿ ಸಿಕ್ಕಿಸ್ಕೊಂಡು ಬೂತ್‌ಗೆ ಓಡ್ದೆ. ಎದುರು ಮನೆಯವ್ರು ಸಿಕ್ಕಿದ್ರು. ನಮ್ ಭಾರ್ಗವನ ಫ್ರೆಂಡ್ ಬಂದಿದ್ದಾನೆ, ನಮ್ಮವನಿಗೂ ರಜ ಸಿಕ್ಕಿರ್ಬೇಕು, ಹಿಂದೇನೇ ಬರ್ತಾನೆ ನೋಡಿ ಅಂತ ಹೇಳ್ಕೊಂಡು ಬಂದೆ. ಉಪ್ಪಿಟ್ಟೂ ಮಾಡ್ದೆ. ಪಾಪ, ಗಂಟಲಲ್ಲಿ ಇಳೀತಿರ್ಲಿಲ್ಲ ಅವನಿಗೆ. ಆದ್ರೂ ಎಲ್ಲಾ ತಿಂದ. ಬೇಡ ಅನ್ಲಿಲ್ಲ. ನೀವೂ ಕೂತ್ಕೊಳ್ಳಿ ಆಂಟಿ ಅಂದ. ಕೂತ್ಕೊಂಡೆ. ಆಮೇಲೆ ಹೇಳ್ದ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

"ಅವನ ಮೇಲೆ ಕೋಪ ಇಲ್ಲ," ಅಂದಳು. "ಯಾರು ಹೇಗೆ ಹೇಳ್ಕೊಟ್ಟಿದ್ರೋ ಹಾಗೇ ಮಾಡ್ದ. ನಿಮ್ಮ ಮೇಲೂ ಕೋಪ ಇಲ್ಲ. ಆದ್ರೆ ಅಷ್ಟು ಹೊತ್ತು, ಮಗು ಆಗ್ಲೇ ಇರ್ಲಿಲ್ಲ, ನಾನು ಖುಷಿಯಾಗಿ ಓಡಾಡ್ಕೊಂಡಿದ್ನಲ್ಲ. ಹಾಡ್ಕೊಂಡು ಈರುಳ್ಳಿ ಹೆಚ್ಚಿದ್ನಲ್ಲ. ಅದೊಂದನ್ನ ನನ್ ಕೈಲಿ ತಡ್ಕೊಳ್ಳೋಕೆ ಆಗಲ್ಲ."

"ಯಾವ ಬೂತ್‌ಗೆ ಹೋಗಿದ್ದೆ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ. ಅವಳು ಹೇಳಿದಳು. ಎದುರು ಮನೆಯವರು ಏನಂದರು ಎಂದು ಕೇಳಿದೆ, ಹೇಳಿದಳು. ಯಾವ ಸೀರೆ ಉಟ್ಟಿದ್ದೆ ಎಂದು ಕೇಳಿದೆ. ಆ ಹುಡುಗ ಎಲ್ಲಿ ಕೂತಿದ್ದ ಎಂದು ಕೇಳಿದೆ. ಈಗ ನಾನು ಪೇಪರ್ ಓದುವ ಕುರ್ಚಿಯಲ್ಲಂತೆ. ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತೆವು. ನಾನು ಕೇಳುತ್ತ ಹೋದೆ, ಅವಳು ಒಂದೂ ಬಿಡದೆ ಹೇಳುತ್ತ ಹೋದಳು.

"ಆಮೇಲೆ ಏನಂದ?" ಎಂದೆ.

ಪಂಕಜಾ ನನ್ನ ಮುಖ ನೋಡಿದಳು. ಆ ಸುದ್ದಿ ನನಗೆ ಬಂದದ್ದು ವೈರ್‌ಲೆಸ್‌ನಲ್ಲಿ, ಹಾಳೆಯ ಮೇಲೆ ಎರಡು ಸಾಲು. ಓದಿ, ಸಹಿ ಹಾಕಿ, ಮುಂದಿನ ಕೆಲಸ ನೋಡಿದ್ದೆ. ನನ್ನ ಎದುರು ಕೂತು ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೂ ಅದು ಆ ಕ್ಷಣದಲ್ಲೇ ಗೊತ್ತಾಗಿರಬೇಕು. ನನ್ನ ಎರಡೂ ಕೈ ಹಿಡಿದುಕೊಂಡಳು.

"ರೀ," ಅಂದಳು. "ನಮ್ಮ ಭಾರ್ಗವ ಹೋಗ್ಬಿಟ್ಟ."